ಮಕ್ಕಳ ಕೆಲಸ ನೋಡಿ ಮನಸ್ಸು ತುಂಬಿತು, ಇನ್ನು ನಾನೇನು ಮಾಡಲಿ?

ಪ್ರಶ್ನೆ: ನಾನು ಉಡುಪಿಯ ಕಲ್ಯಾಣಪುರ ಹತ್ತಿರದವಳು. ವಯಸ್ಸು 54. ಸಹಕಾರಿ ಸಂಘವೊಂದರಲ್ಲಿ ಕ್ಲರ್ಕ್ ಆಗಿದ್ದೆ, ಈಗ ಮನೆಯಲ್ಲೇ ಇದ್ದೇನೆ. ನಮ್ಮೂರಿನ ಕೆಲವು ಕಾಲೇಜು ಮಕ್ಕಳು ಭಾನುವಾರ ಬೆಳಿಗ್ಗೆ ಸ್ವರ್ಣಾ ಹೊಳೆ ಬದಿಯ ಪ್ಲಾಸ್ಟಿಕ್ ಹೆಕ್ಕುತ್ತಾರೆ. ವಾರಕ್ಕೆ ಎರಡು ಸಂಜೆ, ಕಟ್ಟಡ ಕೆಲಸಕ್ಕೆ ಬಂದಿರುವ ಬಾಗಲಕೋಟೆ, ಕೊಪ್ಪಳ ಕಡೆಯವರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ. ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಫೋಟೋ ತೆಗೆದು ಸ್ಟೇಟಸ್ ಹಾಕುತ್ತೇನೆ. ಅಲ್ಲಿಗೆ ಮುಗಿಯಿತು. ನಮ್ಮ ಮನೆಯವರು, "ಎರಡು ವರ್ಷ ಬಿಟ್ಟು ನೋಡು, ಎಲ್ಲ ಬೆಂಗಳೂರಿಗೋ ದುಬೈಗೋ ಹೋಗಿರ್ತಾರೆ, ಹೊಳೆ ಮೊದಲಿನ ಹಾಗೇ ಇರ್ತದೆ" ಅನ್ನುತ್ತಾರೆ. ಅದೂ ಸುಳ್ಳಲ್ಲ ಅಲ್ವಾ? ನನ್ನ ವಯಸ್ಸಿನವರು ಇದರಲ್ಲಿ ಎಲ್ಲಿ ಸೇರಿಕೊಳ್ಳಬೇಕು?

ಉತ್ತರ:

ಪ್ರೀತಿಯ ಅಕ್ಕ,

ಭಾವನವರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅವರು ಹೇಳಿದ್ದು ನಿಜ. ಮಂಗಳೂರಿನಲ್ಲಿ ಸಮಾಜಕಾರ್ಯ ಪಾಠ ಮಾಡುತ್ತಾ, ಎನ್.ಎಸ್.ಎಸ್. (ರಾಷ್ಟ್ರೀಯ ಸೇವಾ ಯೋಜನೆ) ಮಕ್ಕಳನ್ನು ಕರೆದುಕೊಂಡು ಊರೂರು ತಿರುಗುತ್ತಾ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ಎನ್.ಎಸ್.ಎಸ್. ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ. ಅದರ ಲೆಕ್ಕವೇ ಎರಡು ವರ್ಷದ್ದು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಜೊತೆಗೆ 7 ದಿನದ ಒಂದು ಶಿಬಿರ. ಅಷ್ಟರಲ್ಲಿ ಡಿಗ್ರಿ ಮುಗಿಯಲಿಕ್ಕೆ ಬರುತ್ತದೆ. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಂತೂ ಓದು ಮುಗಿದ ಮೇಲೆ ಊರು ಬಿಡುವುದು ಹೊಸತೇನಲ್ಲ. ಅಜ್ಜಂದಿರು ಬೊಂಬಾಯಿ ಹೋಟೆಲಿಗೆ ಹೋದರು, ಮಾವಂದಿರು ಗಲ್ಫಿಗೆ ಹೋದರು, ಈಗಿನವರು ಬೆಂಗಳೂರಿಗೆ.

ಅವರು ಹೋಗುವಾಗ ಅವರ ಜೊತೆ ಏನೆಲ್ಲ ಹೋಗುತ್ತದೆ ಅಂತ ಯೋಚಿಸಿದ್ದೀರಾ? ಪಂಚಾಯತಿನಲ್ಲಿ ಯಾರ ಹತ್ತಿರ ಮಾತಾಡಿದರೆ ಕಸದ ಗಾಡಿ ಬರುತ್ತದೆ ಅನ್ನುವ ತಿಳುವಳಿಕೆ ಹೋಗುತ್ತದೆ. ಯಾವ ಮೂಲೆಯಲ್ಲಿ ರಾತ್ರಿ ಬಂದು ಚೀಲ ಎಸೆಯುತ್ತಾರೆ, ಯಾವ ಶೆಡ್ಡಿನ ಹುಡುಗಿ ತಮ್ಮನನ್ನು ನೋಡಿಕೊಳ್ಳಬೇಕಾಗಿ ಶಾಲೆ ಬಿಟ್ಟಿದ್ದಾಳೆ, ಕಳೆದ ಸಲ ಕೊಟ್ಟ ಅರ್ಜಿಗೆ ಏನು ಉತ್ತರ ಬಂತು, ಎಲ್ಲವೂ ಒಬ್ಬ ಹುಡುಗನ ಫೋನಿನಲ್ಲಿ ಸೇರಿ ಬೆಂಗಳೂರು ಬಸ್ಸು ಹತ್ತುತ್ತದೆ. ಮುಂದಿನ ತಂಡ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಹುಡುಗರಿಗೆ ಹುಮ್ಮಸ್ಸು ಕಡಿಮೆಯಾಗಿ ಕೆಲಸ ನಿಲ್ಲುವುದು ಅಪರೂಪ. ಹೆಚ್ಚಿನ ಸಲ ಅದು ನಿಲ್ಲುವುದು ಈ ಜಾಗದಲ್ಲೇ.

ಹಾಗಂತ "ಸುಮ್ನೆ ಯಾಕೆ" ಅನ್ನುವಲ್ಲಿಗೆ ಬಂದರೆ ನಾನು ಭಾವನವರ ಜೊತೆ ಇಲ್ಲ. ಹೋಗುವವರು ಅವರು. ಇಲ್ಲೇ ಇರುವವರು ನೀವು. ನೀವು ಸೇರಿಕೊಳ್ಳಬೇಕಾದ ಜಾಗ ಅದೇ.

ಸ್ಫೂರ್ತಿ ಅನ್ನುವುದನ್ನು ನಾವು ಹಿರಿಯರು ಸ್ವಲ್ಪ ಸುಲಭ ಮಾಡಿಕೊಂಡಿದ್ದೇವೆ ಅಂತ ನನಗೆ ಅನಿಸುತ್ತದೆ. ಮಕ್ಕಳು ಏನೋ ಒಳ್ಳೆಯದು ಮಾಡುತ್ತಾರೆ, ನಮ್ಮ ಕಣ್ಣು ಒದ್ದೆಯಾಗುತ್ತದೆ, ನಾವೂ ಏನೋ ಮಾಡಿದ ಹಾಗೆ ಸಮಾಧಾನವಾಗುತ್ತದೆ. ಸ್ವೀಡನ್ನಿನ ಗ್ರೆಟಾ ಥನ್‌ಬರ್ಗ್ 2018ರ ಆಗಸ್ಟ್‌ನಲ್ಲಿ, 15ನೇ ವಯಸ್ಸಿನಲ್ಲಿ, ಶಾಲೆ ಬಿಟ್ಟು ಸಂಸತ್ತಿನ ಹೊರಗೆ ಕೂತಳು. ಮರುವರ್ಷ ವಿಶ್ವಸಂಸ್ಥೆಯಲ್ಲಿ ಮಾತಾಡಿದಾಗ ಅವಳು ಸಿಟ್ಟಾದದ್ದು ಮುಖ್ಯವಾಗಿ ಈ ಕಾರಣಕ್ಕೆ: ದೊಡ್ಡವರು ತಾವು ಮಾಡಬೇಕಾದ್ದನ್ನು ಮಾಡದೆ ಭರವಸೆ ಬೇಕು ಅಂತ ಮಕ್ಕಳ ಹತ್ತಿರ ಬರುತ್ತಾರೆ ಅಂತ. ಅವಳನ್ನು ಹೊಗಳಿದವರೂ ಬೈದವರೂ ಬೇಕಾದಷ್ಟು ಇದ್ದಾರೆ. ಆ ಒಂದು ಮಾತು ಮಾತ್ರ ನಮಗೆಲ್ಲ ತಾಗಬೇಕಾದ ಮಾತು. ನಿಮಗೆ ಅದು ಈಗಾಗಲೇ ತಾಗಿದೆ, ಇಲ್ಲದಿದ್ದರೆ ಈ ಪ್ರಶ್ನೆ ಬರೆಯುತ್ತಿರಲಿಲ್ಲ.

ಇನ್ನು ನಮ್ಮೂರಿನದೇ ಕಥೆ ಒಂದಿದೆ. ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು ಮಂಗಳೂರಿನಲ್ಲಿ, 1903ರಲ್ಲಿ. 1926ರಲ್ಲಿ, 23ನೇ ವಯಸ್ಸಿಗೆ, ಮದ್ರಾಸ್ ಶಾಸನ ಸಭೆಯ ಚುನಾವಣೆಗೆ ನಿಂತರು. ಸ್ವಲ್ಪದರಲ್ಲಿ ಸೋತರು. ದೇಶದಲ್ಲಿ ಹಾಗೆ ಸ್ಪರ್ಧಿಸಿದ ಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ಈ ಕಥೆ ಹೇಳುವಾಗ ನಾವು 23ರ ಹುಡುಗಿಯ ಧೈರ್ಯವನ್ನು ಮಾತ್ರ ಹೇಳುತ್ತೇವೆ. ಅವರನ್ನು ನಿಲ್ಲಲು ಹುರಿದುಂಬಿಸಿದವರು ಮಾರ್ಗರೆಟ್ ಕಸಿನ್ಸ್. ಐರ್ಲೆಂಡಿನಿಂದ ಬಂದ ಶಿಕ್ಷಕಿ, ಕೆಲವು ವರ್ಷ ಮೊದಲು ಮಂಗಳೂರಿನ ಹೆಣ್ಣುಮಕ್ಕಳ ರಾಷ್ಟ್ರೀಯ ಶಾಲೆಯ ಮುಖ್ಯಸ್ಥೆಯಾಗಿದ್ದವರು. ಆಗ ಅವರ ವಯಸ್ಸು ಐವತ್ತರ ಹತ್ತಿರ, ಹೆಚ್ಚು ಕಡಿಮೆ ನಿಮ್ಮ ವಯಸ್ಸು ಅಕ್ಕ. ತಾವೇ ಮುಂದೆ ನಿಲ್ಲಲಿಲ್ಲ, ದೂರದಿಂದ ಹರಸಿ ಸುಮ್ಮನಾಗಲೂ ಇಲ್ಲ. ಮರುವರ್ಷ, 1927ರಲ್ಲಿ, ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದಾಗ ಅದರ ಹಿಂದೆಯೂ ಕಸಿನ್ಸ್ ಇದ್ದರು, ಅದರ ಸಂಘಟನೆಯ ಕೆಲಸಕ್ಕೆ ಕಮಲಾದೇವಿ ಬಂದರು. ಚುನಾವಣೆ ಸೋತಲ್ಲಿಗೆ ಮುಗಿದುಹೋಗಬಹುದಾಗಿದ್ದ ಕೆಲಸ ಹೀಗೆ ಮುಂದಕ್ಕೆ ಹೋಯಿತು.

ಅದಕ್ಕಿಂತ ಹತ್ತಿರದ್ದು ಕುಂದಾಪುರ ಕಡೆಯ ಕೆರಾಡಿ. ಉಡುಪಿ ಜಿಲ್ಲೆಯಲ್ಲೇ ಇದ್ದೂ ನಮ್ಮಲ್ಲಿ ತುಂಬ ಜನಕ್ಕೆ ಇದರ ವಿಷಯ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಅಂತ ಕಟ್ಟಿಕೊಂಡರು. ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್ ಅನ್ನುವ ಸಂಸ್ಥೆ ಅವರ ಬೆನ್ನಿಗಿತ್ತು. 1995ರಲ್ಲಿ ಕೆರಾಡಿಯಂಥ ಊರುಗಳಲ್ಲಿ ಮಕ್ಕಳ ಪಂಚಾಯತಿ ಶುರುವಾಯಿತು. ಮಕ್ಕಳೇ ಮತ ಹಾಕಿ ತಮ್ಮವರನ್ನು ಆರಿಸಿದರು. ತಾವೇ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ, ನಕ್ಷೆ ಬರೆದು, ದೊಡ್ಡವರ ಪಂಚಾಯತಿ ಮುಂದೆ ಇಟ್ಟರು. ನೀರು ಎಲ್ಲಿಲ್ಲ, ಶಾಲೆ ಯಾರು ಬಿಟ್ಟಿದ್ದಾರೆ, ಎಲ್ಲಿ ಕಾಲುಸಂಕ ಬೇಕು.

ಕಾಲುಸಂಕ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೋಡಿಗೆ ಅಡ್ಡವಾಗಿ ಎರಡು ಅಡಿಕೆ ಮರ ಹಾಕಿ ಅದರ ಮೇಲೆ ಮಕ್ಕಳು ಬ್ಯಾಗು ಹೊತ್ತು ದಾಟುತ್ತಾರೆ. ದೊಡ್ಡವರ ಪಟ್ಟಿಯಲ್ಲಿ ಯಾವಾಗಲೂ ರಸ್ತೆ ಡಾಮರು ಮೊದಲು ಬರುತ್ತದೆ, ಕಾಲುಸಂಕ ಕೊನೆಗೆ. ದಿನಾ ದಾಟುವವರು ಮಕ್ಕಳು, ಹಾಗಾಗಿ ಅವರ ಪಟ್ಟಿಯಲ್ಲಿ ಅದು ಮೇಲೆ ಬಂತು. ಇದು ಹಳೆಯ ಕಥೆಯೂ ಅಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಬರುತ್ತಿದ್ದ ಎಳೆಯ ಮಗುವೊಂದು ಕಾಲುಸಂಕದಿಂದ ಜಾರಿ ನೀರುಪಾಲಾಯಿತು. ಮಕ್ಕಳು ಇದನ್ನು ಎಷ್ಟೋ ವರ್ಷ ಮೊದಲೇ ಹೇಳಲು ಶುರು ಮಾಡಿದ್ದರು. ಆ ಸುದ್ದಿ ಓದಿದ ದಿನ ನನಗೆ ಬಂದ ಸಂಕಟ ಇನ್ನೂ ಹೋಗಿಲ್ಲ.

ಕೆರಾಡಿಯ ಏರ್ಪಾಡಿನಲ್ಲಿ ನನಗೆ ತುಂಬ ಇಷ್ಟವಾದದ್ದು "ಮಕ್ಕಳ ಮಿತ್ರ" ಅನ್ನುವ ಸ್ಥಾನ. ಮಕ್ಕಳು ತಮಗೆ ನಂಬಿಕೆ ಇರುವ ಒಬ್ಬ ದೊಡ್ಡವರನ್ನು ತಾವೇ ಆರಿಸುತ್ತಾರೆ. ಆ ದೊಡ್ಡವರು ಮಕ್ಕಳ ಪರವಾಗಿ ಓಡಾಡಬೇಕು. ಮಕ್ಕಳಿಗೆ ಹೇಳಿಕೊಡುವ ಗುರು ಅಲ್ಲ, ವೇದಿಕೆಯ ಅಧ್ಯಕ್ಷರೂ ಅಲ್ಲ. 2006ರಲ್ಲಿ ಕರ್ನಾಟಕ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳೂ ಮಕ್ಕಳ ಗ್ರಾಮ ಸಭೆ ಮಾಡಬೇಕು ಅಂತ ಆದೇಶ ಹೊರಡಿಸಿತು. ಕುಂದಾಪುರದ ಮಕ್ಕಳು ಮಾಡಿ ತೋರಿಸಿದ ದಾರಿ ಇಡೀ ರಾಜ್ಯಕ್ಕೆ ಬಂತು. ಈಗ ನಿಮ್ಮ ಪಂಚಾಯತಿನಲ್ಲೂ ನವೆಂಬರ್ ಆಸುಪಾಸು ಅದು ನಡೆಯಬೇಕು. ನಡೆಯುತ್ತದಾ, ಅಥವಾ ಶಾಲೆಯಿಂದ ಮಕ್ಕಳನ್ನು ಸಾಲಾಗಿ ಕರೆತಂದು ಭಾಷಣ ಕೇಳಿಸಿ ಬಿಸ್ಕೆಟ್ ಕೊಟ್ಟು ಕಳಿಸುತ್ತಾರಾ? ಒಮ್ಮೆ ಹೋಗಿ ಕೂತು ನೋಡಿ.

ಈಗ ಹೊಳೆಯ ವಿಷಯಕ್ಕೆ ಬರೋಣ. ಮಕ್ಕಳ ಹತ್ತಿರ ಮೊದಲು ಒಂದು ಪ್ರಶ್ನೆ ಕೇಳಿ: ಹೆಕ್ಕಿದ ಮೇಲೆ ಚೀಲ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಕಡೆ ಉತ್ತರ "ರಸ್ತೆ ಬದಿಯಲ್ಲಿ ಇಟ್ಟಿದ್ದೇವೆ, ಗಾಡಿ ಬರುತ್ತದೆ." ಭಾನುವಾರ ಗಾಡಿ ಬರುವುದಿಲ್ಲ. ಸೋಮವಾರದ ಗಾಡಿಯವರಿಗೆ ಇದು ಗೊತ್ತಿಲ್ಲ. ಮಂಗಳವಾರದ ಹೊತ್ತಿಗೆ ನಾಯಿ, ದನ ಸೇರಿ ಚೀಲ ಹರಿದಿರುತ್ತವೆ, ಒಂದು ಮಳೆ ಬಂದರೆ ಎಲ್ಲ ವಾಪಸ್ ಹೊಳೆಗೆ. ಇನ್ನೊಂದು ತೊಂದರೆ, ಹೊಳೆಯಿಂದ ತೆಗೆದ ಪ್ಲಾಸ್ಟಿಕ್ ಕೆಸರು ಹಿಡಿದಿರುತ್ತದೆ. ಒಣ ಕಸದ ಘಟಕಗಳಲ್ಲಿ ನಮ್ಮ ನಿಮ್ಮಂಥ ಹೆಂಗಸರು ಕೂತು ಕೈಯಲ್ಲಿ ವಿಂಗಡಿಸುತ್ತಾರೆ, ಕೆಸರು ಮೆತ್ತಿದ್ದನ್ನು ಅವರು ಮಾರಲಿಕ್ಕೆ ಆಗುವುದಿಲ್ಲ. ವಂಡ್ಸೆ ಪಂಚಾಯತಿಯ ಘಟಕಕ್ಕೆ ಒಮ್ಮೆ ಹೋಗಿ ನೋಡಿ ಬನ್ನಿ, ಕುಂದಾಪುರದಿಂದ ದೂರವಿಲ್ಲ. ಎಷ್ಟು ತರಹ ವಿಂಗಡಿಸಬೇಕಾಗುತ್ತದೆ ಅಂತ ಕಣ್ಣಾರೆ ಕಂಡರೆ ಅರ್ಧ ಕೆಲಸ ತಾನೇ ತಿಳಿಯುತ್ತದೆ. ಹಾಗಾಗಿ ನಿಮ್ಮ ಮೊದಲ ಕೆಲಸ ಇಷ್ಟು. ಶುಕ್ರವಾರವೇ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಫೋನ್ ಮಾಡಿ, ಸೋಮವಾರ ಗಾಡಿ ಎಷ್ಟು ಗಂಟೆಗೆ, ಎಲ್ಲಿಗೆ ಬರುತ್ತದೆ ಅಂತ ನಿಗದಿ ಮಾಡಿಸಿ. ಒಂದು ದಿನ ಚೀಲ ಇಡಲು ಮಳೆ ತಾಗದ ಜಾಗ ಹುಡುಕಿ, ನಿಮ್ಮ ಕೊಟ್ಟಿಗೆಯೇ ಆಗಬಹುದು. ಬಾಟಲಿ, ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಲು ನಾಲ್ಕು ಮನೆಯ ಹೆಂಗಸರನ್ನು ಸೇರಿಸಿ. ಸೋಮವಾರ ಮಕ್ಕಳು ಕಾಲೇಜಿನಲ್ಲಿರುತ್ತಾರೆ. ಗಾಡಿ ಬಂದಾಗ ಅಲ್ಲಿ ನಿಲ್ಲಲು ಆಗುವುದು ನಿಮಗೆ.

ಹೆಕ್ಕುವುದು ಮುಖ್ಯ, ಆದರೆ ಹೆಕ್ಕಿದ್ದು ಮಾಯವಾಗುವುದಿಲ್ಲ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿ ಕಸದ ಗುಡ್ಡೆ ಜಾರಿ ಮಂದಾರದ ಕಡೆಗೆ ಇಳಿದದ್ದು ನೆನಪಿದೆಯಲ್ಲ. ತೆಂಗು, ಅಡಿಕೆ ತೋಟ, ಮನೆಗಳ ಅಂಗಳ, ಎಲ್ಲ ಕಸದ ಕೆಳಗೆ. ಅಲ್ಲಿನ ಮನೆಯವರು ಊರು ಬಿಡಬೇಕಾಯಿತು. ಅದು ಇಡೀ ನಗರ ಕಣ್ಣಿಂದ ದೂರ ಮಾಡಿದ ಕಸ. ಹಾಗಾಗಿ ಹೊಳೆಗೆ ಕಸ ಬರುವುದು ಎಲ್ಲಿಂದ ಅಂತ ಹಿಡಿಯದೆ ಬರೀ ಹೆಕ್ಕುತ್ತಾ ಇದ್ದರೆ ಮಕ್ಕಳಿಗೂ ಸಾಕಾಗುತ್ತದೆ. ಹೆಕ್ಕಿದ್ದರಲ್ಲಿ ಜಾಸ್ತಿ ಏನಿದೆ ಅಂತ ಮಕ್ಕಳು ನಾಲ್ಕು ವಾರ ಬರೆದಿಡಲಿ. ಮದುವೆ ಮಂಟಪದ ಲೋಟವಾ, ಮನೆಯ ಕಸದ ಚೀಲವಾ, ಅಂಗಡಿಯ ಪೊಟ್ಟಣವಾ? ಆ ಲೆಕ್ಕ ಇದ್ದರೆ ಪಂಚಾಯತಿ ಮುಂದೆ ಮಾತಿಗೆ ತೂಕ ಬರುತ್ತದೆ. ಮನೆಯಲ್ಲೇ ಹಸಿ, ಒಣ ಬೇರೆ ಮಾಡಬೇಕು ಅನ್ನುವ ನಿಯಮ 2016ರಿಂದ ಇದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಇದೆ. ಕಾನೂನು ಇಲ್ಲ ಅನ್ನುವ ಕೊರತೆ ನಮಗಿಲ್ಲ.

ಆ ಲೆಕ್ಕವನ್ನು ತೆಗೆದುಕೊಂಡು ಹೋಗಬೇಕಾದ ಜಾಗ ಗ್ರಾಮ ಸಭೆ. ಕಾಯಿದೆ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ. ಇಲ್ಲಿ ಮಕ್ಕಳ ಕೈ ಕಟ್ಟಿದೆ. ಪಿಯುಸಿಯವರಿಗೆ ಮತವಿಲ್ಲ. ಡಿಗ್ರಿಯವರಲ್ಲಿ ಹಲವರ ಮತ ಬೇರೆ ಊರಿನಲ್ಲಿದೆ. ವಾರದ ದಿನ ಬೆಳಿಗ್ಗೆ ಸಭೆ ಇಟ್ಟರೆ ಅವರು ಬರಲಿಕ್ಕೂ ಆಗುವುದಿಲ್ಲ. ನಿಮಗೆ ಮತವಿದೆ, ಸಮಯವಿದೆ, ಸದಸ್ಯರು ನಿಮ್ಮ ಮನೆ ಬಾಗಿಲಿಗೆ ಬಂದು ಓಟು ಕೇಳಿದವರು. ನೀವು ಎದ್ದು ನಿಂತು "ಹೊಳೆ ಬದಿಯ ಕಸದ ವಿಷಯ ನಡಾವಳಿಯಲ್ಲಿ ಬರೆಯಿರಿ" ಅಂದರೆ ಬರೆಯಬೇಕಾಗುತ್ತದೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದ್ದು ಲೆಕ್ಕಕ್ಕಿಲ್ಲ, ಪುಸ್ತಕದಲ್ಲಿ ಬರೆದದ್ದು ಮಾತ್ರ ಲೆಕ್ಕಕ್ಕೆ. ನೀವು ಸಂಘದ ಮಹಾಸಭೆಗಳನ್ನು ನಡೆಸಿದವರು, ಇದನ್ನು ನಾನು ನಿಮಗೆ ಕಲಿಸಬೇಕಾಗಿಲ್ಲ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. 2005ರ ಕಾಯಿದೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಉದ್ದಕ್ಕೆ ದೂರು ಬರೆದರೆ ಅದೇ ನೆವ ಹೇಳಿ ವಾಪಸ್ ಕಳಿಸುತ್ತಾರೆ. ಕಳೆದ ವರ್ಷ ಕಸ ಸಂಗ್ರಹಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಮನೆಗಳಿಂದ ಶುಲ್ಕ ಬಂತು, ಇಷ್ಟು ಕೇಳಿ ಸಾಕು. ಅರ್ಜಿ ನಿಮ್ಮ ಹೆಸರಿನಲ್ಲಿ ಹೋಗಲಿ ಅಂತ ನನ್ನ ಸಲಹೆ. ಕಾಲೇಜು ಹುಡುಗನ ಹೆಸರಿನಲ್ಲಿ ಹೋದರೆ ಯಾರೋ ಅವನ ಅಪ್ಪನಿಗೆ ಫೋನ್ ಮಾಡುತ್ತಾರೆ, ಅಪ್ಪ ಗಾಬರಿಯಾಗುತ್ತಾರೆ, ಹುಡುಗ ಮುಂದಿನ ಭಾನುವಾರ ಬರುವುದಿಲ್ಲ.

ಸಂಜೆ ಪಾಠದ ವಿಷಯ ಇದಕ್ಕಿಂತ ಸೂಕ್ಷ್ಮ. ಅಲ್ಲಿ ನಿಮ್ಮ ಅಗತ್ಯವೂ ಇನ್ನೂ ಜಾಸ್ತಿ. ಮೊದಲನೆಯದಾಗಿ, ಚಿಕ್ಕ ಮಕ್ಕಳು ಇರುವ ಕಡೆ ಯಾವಾಗಲೂ ಜವಾಬ್ದಾರಿ ಇರುವ ದೊಡ್ಡವರೊಬ್ಬರು ಇರಬೇಕು. ಕಲಿಸುವ ಹುಡುಗರ ಮೇಲೆ ಅನುಮಾನ ಇಟ್ಟು ಹೇಳುತ್ತಿಲ್ಲ. ಮಕ್ಕಳ ರಕ್ಷಣೆಗೂ ಒಳ್ಳೆಯದು, ಆ ಹುಡುಗ ಹುಡುಗಿಯರ ರಕ್ಷಣೆಗೂ ಒಳ್ಳೆಯದು. ಅಪ್ಪ ಅಮ್ಮನ ಒಪ್ಪಿಗೆ ಬರೆಸಿಕೊಳ್ಳಿ, ಓದು ಬಾರದವರಿದ್ದರೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿ. ಮಕ್ಕಳ ಸಹಾಯವಾಣಿ 1098 ನಂಬರು ಗೋಡೆಗೆ ಅಂಟಿಸಿ. ಪಾಠ ಯಾರದ್ದೋ ಜಗಲಿಯಲ್ಲಿ ನಡೆಯುತ್ತಿದ್ದರೆ ಅದರ ಬದಲು ಅಂಗನವಾಡಿ, ಭಜನಾ ಮಂದಿರ, ಯುವಕ ಮಂಡಲದ ಕಟ್ಟಡ, ಯಾವುದಾದರೂ ಬೆಳಕಿರುವ ಜಾಗ ಕೇಳಿ ಕೊಡಿಸಿ. ಮಕ್ಕಳು ಹೋಗಿ ಕೇಳಿದರೆ "ನೋಡುವಾ" ಅನ್ನುತ್ತಾರೆ. ನೀವು ಕೇಳಿದರೆ ಬೀಗದ ಕೈ ಕೊಡುತ್ತಾರೆ.

ಇನ್ನೊಂದು ಮಾತನ್ನು ನೇರವಾಗಿಯೇ ಹೇಳುತ್ತೇನೆ, ಸುತ್ತಿ ಬಳಸಿ ಹೇಳುವ ವಿಷಯ ಅಲ್ಲ. ನಮ್ಮ ಜಿಲ್ಲೆಗಳಲ್ಲಿ ಬೇರೆ ಬೇರೆ ಜಾತಿ, ಧರ್ಮದ ಹುಡುಗ ಹುಡುಗಿಯರು ಸಂಜೆ ಹೊತ್ತು ಒಟ್ಟಿಗೆ ನಿಂತರೆ ಯಾರೋ ಬಂದು ಹೆಸರು ಕೇಳುತ್ತಾರೆ. ವಿಡಿಯೋ ಮಾಡುತ್ತಾರೆ. ಆಮೇಲೆ ಮನೆಯವರು ಹೆದರಿ ಮೊದಲು ನಿಲ್ಲಿಸುವುದು ಹುಡುಗಿಯರನ್ನು. ನನ್ನ ಎಷ್ಟೋ ಒಳ್ಳೆಯ ವಿದ್ಯಾರ್ಥಿನಿಯರು ಹೀಗೇ ನಿಂತುಹೋದರು. ಅವರಿಗೆ ಮಾಡಲು ಬರುತ್ತಿರಲಿಲ್ಲ ಅಂತಲ್ಲ, ಮಾಡಲು ಬಿಡಲಿಲ್ಲ. ಊರಿನ ಒಬ್ಬ ಹೆಂಗಸು, ಎಲ್ಲರಿಗೂ ಪರಿಚಯ ಇರುವವರು, ಅಲ್ಲೇ ಕುರ್ಚಿ ಹಾಕಿ ಕೂತಿದ್ದರೆ ಈ ಪರಿಸ್ಥಿತಿ ತುಂಬ ಬದಲಾಗುತ್ತದೆ. ಬಂದವರು "ಏನು ಅಕ್ಕ" ಅಂತ ಮಾತಾಡಿಸಿ ಹೋಗುತ್ತಾರೆ. ಹುಡುಗಿಯರ ಅಮ್ಮಂದಿರಿಗೆ ನೀವೇ ಫೋನ್ ಮಾಡಿ, "ಏಳು ಗಂಟೆಗೆ ನಾನೇ ಮನೆಗೆ ಬಿಡುತ್ತೇನೆ" ಅನ್ನಿ. ಈ ಒಂದು ಕೆಲಸ ಮಾತ್ರ ಮಾಡಿ ಬೇರೇನೂ ಮಾಡದಿದ್ದರೂ ನೀವು ಆ ತಂಡವನ್ನು ಉಳಿಸಿದ ಹಾಗೆ.

ಮಾಡಬಾರದ್ದೂ ಸ್ವಲ್ಪ ಇದೆ. ದಯವಿಟ್ಟು ಶಾಲು ಹೊದಿಸಿ ಸನ್ಮಾನ ಮಾಡುವ ಗಡಿಬಿಡಿ ಬೇಡ. ಆರು ತಿಂಗಳ ಕೆಲಸಕ್ಕೆ ಫಲಕ ಕೊಟ್ಟರೆ ತಂಡದಲ್ಲಿ ಯಾರ ಹೆಸರು ಮೊದಲು ಅನ್ನುವ ಜಗಳ ಶುರುವಾಗುತ್ತದೆ, ಮಾತು ಕಡಿಮೆಯ ಹುಡುಗಿ ಹಿಂದಾಗುತ್ತಾಳೆ. ಹರೇಕಳ ಹಾಜಬ್ಬನವರನ್ನು ನೋಡಿ. ಕಿತ್ತಳೆ ಹಣ್ಣು ಮಾರಿ ಉಳಿಸಿದ ದುಡ್ಡಿನಲ್ಲಿ ತಮ್ಮೂರು ನ್ಯೂಪಡ್ಪಿನಲ್ಲಿ ಶಾಲೆ ಆಗುವ ಹಾಗೆ ಮಾಡಿದ್ದು 2000ದಲ್ಲಿ. ಪದ್ಮಶ್ರೀ ಘೋಷಣೆಯಾದದ್ದು 2020ರಲ್ಲಿ. ನಡುವಿನ 20 ವರ್ಷ ಅವರು ಮಾಡಿದ್ದು ಕಚೇರಿಗಳಿಗೆ ಅಲೆಯುವ ಕೆಲಸ. ಜಾಗ, ಕಟ್ಟಡ, ಮುಂದಿನ ತರಗತಿ, ಮತ್ತೆ ಅದರ ಮುಂದಿನ ತರಗತಿ. ನಮಗೆ ಪ್ರಶಸ್ತಿಯ ಫೋಟೋ ನೆನಪಿದೆ. ಶಾಲೆ ನಿಂತದ್ದು ಆ ಅಲೆದಾಟದಿಂದ.

ಹಾಗೇ ತಂಡದ ಮುಂದಾಳು ಆಗಲು ಹೋಗಬೇಡಿ. "ನಮ್ಮ ಕಾಲದಲ್ಲಿ" ಅಂತ ಶುರು ಮಾಡಿದರೆ ಎರಡನೇ ವಾರಕ್ಕೆ ಅವರು ಬೇರೆ ವಾಟ್ಸಪ್ ಗುಂಪು ಮಾಡಿಕೊಂಡಿರುತ್ತಾರೆ. ಸ್ಟೇಟಸ್ ಹಾಕುವುದಾದರೆ ಆ ವಲಸೆ ಕಾರ್ಮಿಕರ ಮಕ್ಕಳ ಮುಖ ಬೇಡ. ಅವರ ಬಡತನ ನಮ್ಮ ಸಂತೋಷದ ಚಿತ್ರ ಆಗಬಾರದು. ಈ ವಿಷಯದಲ್ಲಿ ನಾನು ವಿದ್ಯಾರ್ಥಿಗಳ ಜೊತೆಯೂ ಕಟ್ಟುನಿಟ್ಟು.

ಇನ್ನು ನಿಮ್ಮದೇ ಆದ ಒಂದು ಬಂಡವಾಳ ಇದೆ, ಅದನ್ನು ನೀವು ಪ್ರಶ್ನೆಯಲ್ಲಿ ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಸಹಕಾರಿ ಸಂಘದಲ್ಲಿ ಕ್ಲರ್ಕ್ ಆಗಿದ್ದವರಿಗೆ ನಗದು ಪುಸ್ತಕ, ವೌಚರ್, ರಶೀದಿ, ನಡಾವಳಿ ಎಲ್ಲ ಗೊತ್ತು. ಯುವಕರ ತಂಡಗಳು ಒಡೆಯುವ ಕಾರಣಗಳಲ್ಲಿ ದುಡ್ಡಿನ ಲೆಕ್ಕ ದೊಡ್ಡದು. ಗ್ಲೌಸಿಗೆ, ಚೀಲಕ್ಕೆ, ನೋಟ್‌ಬುಕ್ಕಿಗೆ ಯಾರೋ ಐನೂರು ಕೊಡುತ್ತಾರೆ, ಯಾರದ್ದೋ ಫೋನಿಗೆ ಬರುತ್ತದೆ, ಮೂರು ತಿಂಗಳಿಗೆ ಯಾರು ಎಷ್ಟು ಕೊಟ್ಟರು ಅಂತ ಯಾರಿಗೂ ನೆನಪಿಲ್ಲ, ಆಮೇಲೆ ಮನಸ್ತಾಪ. ಒಂದು ಪುಸ್ತಕ ಇಡಿ. ಬಂದದ್ದು, ಹೋದದ್ದು, ತಿಂಗಳ ಕೊನೆಗೆ ಎಲ್ಲರಿಗೂ ಓದಿ ಹೇಳಿ. ಇನ್ನೊಂದು ಪುಸ್ತಕ ಕೆಲಸದ್ದು. ಯಾವ ದಿನ ಯಾವ ಜಾಗ, ಎಷ್ಟು ಚೀಲ, ಯಾರ ಹತ್ತಿರ ಮಾತಾಡಿದ್ದು, ಏನು ಹೇಳಿದರು, ಯಾವ ಮಗು ಎರಡು ವಾರದಿಂದ ಬಂದಿಲ್ಲ, ಯಾಕೆ. ಮಗುವಿನ ಅಪ್ಪ ಅಮ್ಮ ಬೇರೆ ಸೈಟಿಗೆ ಹೋಗುವುದಾದರೆ ಶಾಲೆಯಿಂದ ವರ್ಗಾವಣೆ ಪತ್ರ ಕೊಡಿಸಿ ಕಳಿಸಿ, ಅದನ್ನೂ ಬರೆದಿಡಿ. ಈಗಿನ ಹುಡುಗರು ಬೆಂಗಳೂರಿಗೆ ಹೋದ ವಾರವೇ ಹೊಸ ಹುಡುಗರ ಕೈಗೆ ಈ ಪುಸ್ತಕ ಕೊಡಲು ಆಗಬೇಕು. ಹೋದವರೂ ಪೂರ್ತಿ ಹೋಗಿರುವುದಿಲ್ಲ. ಲೆಕ್ಕ ಸರಿ ಇದೆ ಅಂತ ಗೊತ್ತಿದ್ದರೆ ಅಲ್ಲಿಂದಲೇ ತಿಂಗಳಿಗೆ ಇನ್ನೂರು ಮುನ್ನೂರು ಕಳಿಸುತ್ತಾರೆ, ದೀಪಾವಳಿಗೆ ಊರಿಗೆ ಬಂದಾಗ ಒಂದು ಭಾನುವಾರ ಹೊಳೆಗೆ ಇಳಿಯುತ್ತಾರೆ. ಇದು ನಾನು ನೋಡಿದ್ದು.

ಶುರು ಹೇಗೆ ಅಂದರೆ, ಮುಂದಿನ ಭಾನುವಾರ ಫೋನ್ ಮನೆಯಲ್ಲಿಟ್ಟು ಹೋಗಿ. ಅವರ ಜೊತೆ ಎರಡು ಗಂಟೆ ಹೆಕ್ಕಿ. ಕೊನೆಗೆ ಬೊಂಡ ಕುಡಿಯಲು ಕೂತಾಗ "ನಿಮಗೆ ಯಾವ ಕೆಲಸ ಮಾಡಲು ಬೇಜಾರು, ಯಾವುದಕ್ಕೆ ಸಮಯ ಸಿಗುವುದಿಲ್ಲ" ಅಂತ ಕೇಳಿ. ಅವರು ಹೇಳುವ ಪಟ್ಟಿಯೇ ನಿಮ್ಮ ಕೆಲಸದ ಪಟ್ಟಿ. ನಾನು ಇಲ್ಲಿ ಬರೆದದ್ದಕ್ಕಿಂತ ಅದು ಬೇರೆ ಇದ್ದರೆ ಅವರದ್ದನ್ನೇ ಹಿಡಿಯಿರಿ. ಭಾವನವರನ್ನೂ ಕರೆಯಿರಿ. ಎರಡು ವರ್ಷದ ಮುಂದಿನದ್ದನ್ನು ಈಗಲೇ ಯೋಚಿಸುವವರು ತಂಡಕ್ಕೆ ಬೇಕೇ ಬೇಕು, ಸೋಮವಾರ ಗಾಡಿ ಕಾಯುವ ಕೆಲಸ ಅವರಿಗೆ ಕೊಡಬಹುದು. ಗ್ರಾಮ ಸಭೆಯ ತಾರೀಖು ಪಂಚಾಯತಿನಲ್ಲಿ ಕೇಳಿ ಇಟ್ಟುಕೊಳ್ಳಿ. ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಬರೆದು ಕೇಳಿ ತೆಗೆದುಕೊಳ್ಳಿ. ಅದು ಕೈಗೆ ಬಂದಾಗ ನನಗೆ ಇನ್ನೊಮ್ಮೆ ಬರೆಯಿರಿ, ತಾಲೂಕು ಪಂಚಾಯತಿಗೆ ಹೇಗೆ ಹೋಗಬೇಕು ಅಂತ ಆಗ ಹೇಳುತ್ತೇನೆ.